ಹುಸೇನವ್ವನ ಕಿವಿ, ದಾಕ್ಷಾಯಣಿಯ ಪ್ರೊಸೆಸರ್

ಈ ಕಥೆ ಹೇಳುವವರೆಲ್ಲ ಗುರುವನ್ನು ಎತ್ತಿ, ಶಿಷ್ಯೆಯನ್ನು ಇಳಿಸಿ ಹೇಳುತ್ತಾರೆ. ನನಗದು ಒಪ್ಪಿಗೆಯಿಲ್ಲ. ದಾಕ್ಷಾಯಣಿ ವಾದ ಮಾಡಿದಳು, ಗುರುವಿನ ಮುಖಕ್ಕೇ ಇಲ್ಲ ಅಂದಳು. ಅವಳು ಸುಮ್ಮನೆ ಗೋಣು ಹಾಕುವ ಶಿಷ್ಯೆಯಾಗಿದ್ದರೆ ಇವತ್ತು ಹೇಳಲಿಕ್ಕೆ ಏನೂ ಇರುತ್ತಿರಲಿಲ್ಲ.

ಕೃಷ್ಣಾ ಹೊಳೆಯ ದಂಡೆಗೆ ಒಂದು ಸಣ್ಣ ಮಠ. ಸಂಗಯ್ಯಜ್ಜ ಅಲ್ಲಿನ ಗುರು. ಅಲ್ಲಿ ಕಲಿಸುತ್ತಿದ್ದದ್ದು ಹಾಡು, ಸುತ್ತಲಿನ ಊರವರು ಬಾಯಿಂದ ಬಾಯಿಗೆ ತಂದ ಪದಗಳು.

ಅಜ್ಜನಿಗಿಂತ ಹಿಂದಿದ್ದ ಗುರುಗಳು ಅರವತ್ತು ವರ್ಷದ ಕೆಳಗೆ ಒಂದು ಟೇಪ್ ರೆಕಾರ್ಡರ್ ಹೆಗಲಿಗೆ ಹಾಕಿಕೊಂಡು ಊರೂರು ತಿರುಗಿ ನಲವತ್ತು ಸ್ಪೂಲು ತುಂಬಿಸಿದ್ದರು. ಒಂದೊಂದು ಸ್ಪೂಲಿಗೆ ಒಬ್ಬೊಬ್ಬ ಹಾಡುಗಾರರು. ಆದರೆ ಅವುಗಳಲ್ಲಿ ಹಾಡಿಗಿಂತ ಸಪ್ಪಳವೇ ಜಾಸ್ತಿಯಾಗಿತ್ತು.

ದಾಕ್ಷಾಯಣಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಹಾಡು ಕಲಿಯಲು ಬಂದವಳು. ನಲವತ್ತೂ ಸ್ಪೂಲುಗಳನ್ನು ಮಠದ ಕಂಪ್ಯೂಟರಿಗೆ ಇಳಿಸಿದವಳು ಅವಳೇ. ಸಪ್ಪಳ ತೆಗೆದು ದನಿ ಮಾತ್ರ ಉಳಿಸುವ ಸಾಫ್ಟ್‌ವೇರನ್ನೂ ಹುಡುಕಿ ತಂದಿದ್ದಳು.

ತೊಂದರೆ ಇದ್ದದ್ದು ಪ್ರೊಸೆಸರಿನಲ್ಲಿ. ಅದು ಮುದಿಯಾಗಿತ್ತು. ಒಂದು ಸ್ಪೂಲಿಗೆ ಹನ್ನೆರಡು ದಿನ ಓಡುತ್ತಿತ್ತು, ನಡುವೆ ಎರಡು ಸಲ ನಿಂತೇ ಬಿಡುತ್ತಿತ್ತು. ಕೊನೆಗೆ ಬರುವ ದನಿಯೂ ನೀರೊಳಗೆ ಮುಳುಗಿ ಮಾತಾಡಿದ ಹಾಗೆ ಇರುತ್ತಿತ್ತು.

ಆಚೆ ದಂಡೆಯಿಂದ ಹುಸೇನವ್ವ ಎನ್ನುವ ಮುದುಕಿ ಪ್ರತಿ ಸೋಮವಾರ ದೋಣಿ ಹತ್ತಿ ಮಠಕ್ಕೆ ಬರುತ್ತಿದ್ದಳು. ಅವಳಿಗೆ ಎಂಬತ್ತು ಆಗಿತ್ತು. ಅವಳ ತಂಗಿ ದಾವಲವ್ವ ಹದಿನೆಂಟಕ್ಕೇ ತೀರಿಕೊಂಡವಳು. ತಂಗಿಯ ಒಂದು ಫೋಟೋ ಕೂಡ ಇರಲಿಲ್ಲ. ಉಳಿದದ್ದೆಂದರೆ ಏಳನೆಯ ಸ್ಪೂಲಿನಲ್ಲಿದ್ದ ಒಂದು ಹಾಡು.

ಹುಸೇನವ್ವನ ಕಿವಿ ಹೋಗುತ್ತಿತ್ತು. ಇನ್ನೆರಡು ವರ್ಷದೊಳಗೆ ಪೂರಾ ಹೋಗುತ್ತದೆ, ಕಿವಿಗೆ ಮಷಿನ್ ಹಾಕಿದರೂ ಉಪಯೋಗವಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅದಕ್ಕೆ ಮೊದಲು ತಂಗಿಯ ದನಿಯನ್ನು ಒಮ್ಮೆ ಕೇಳಬೇಕು ಅನ್ನುವುದಷ್ಟೇ ಅವಳ ಆಸೆ.

"ಆತೇನ ಮಗಳ?" ಎಂದು ಕೇಳುತ್ತಿದ್ದಳು.

"ಇಲ್ರಿ ಆಯಿ. ಇನ್ನೊಂದೀಟು ತಡೀರಿ."

ಒಂದು ಸೋಮವಾರ ಹುಸೇನವ್ವ ಅಂದಳು: "ಹೆಂಗೈತ್ಯೋ ಹಂಗ ಹಾಕಬಾರದೇನ? ಸಪ್ಪಳ ಇದ್ರ ಇರವಲ್ದ್ಯಾಕ."

"ಹಸೀ ಪದ ಹೊರಗ ಬಿಡಂಗಿಲ್ರಿ ಆಯಿ. ನಮ್ಮ ಮಠದ ರಿವಾಜು."

ಅದು ನಿಜವಾದ ರಿವಾಜೇ. ಆ ಮಠದಲ್ಲಿ ಕಲಿಯುವ ಪದ ಗಂಟಲಲ್ಲಿ ಹಣ್ಣಾಗುವ ತನಕ ಹೊಸ್ತಿಲಾಚೆ ಹಾಡುವಂತಿಲ್ಲ. ಒಂದೇ ಪದವನ್ನು ಮೂರು ವರ್ಷ ಒಳಗೇ ಹಾಡಿದವರಿದ್ದಾರೆ. ದಾಕ್ಷಾಯಣಿಗೆ ಮೊದಲ ದಿನವೇ ಅಜ್ಜ ಇದನ್ನು ಹೇಳಿಕೊಟ್ಟಿದ್ದರು. ಗಂಟಲಿಗೆ ಇದ್ದ ರಿವಾಜು ಟೇಪಿಗೂ ಇದೆ ಅಂತ ಅವಳು ತಿಳಿದಳು.

 ಮಠದ ರಿವಾಜು ಅಂದಮೇಲೆ ಮುಗಿಯಿತು. ಹುಸೇನವ್ವ ಎದ್ದು ದೋಣಿ ಹಿಡಿದು ಹೋದಳು.

ಆ ವರ್ಷ ಶ್ರಾವಣದಲ್ಲಿ ಪಟ್ಟಣದ ನೂಲಿನ ವ್ಯಾಪಾರಿಯೊಬ್ಬರು ಮಠಕ್ಕೆ ಬಂದರು. ಕಂಪ್ಯೂಟರಿನ ಅವಸ್ಥೆ ನೋಡಿ, "ಹೊಸಾ ಪ್ರೊಸೆಸರ್ ಹಾಕಸೂದು ನನ್ನ ಸೇವಾ. ಯಾವುದು, ಯಾವಾಗ, ಅಷ್ಟ ಹೇಳ್ರಿ," ಎಂದು ಹೋದರು.

ಅಜ್ಜ ದಾಕ್ಷಾಯಣಿಯನ್ನು ಕರೆದರು. "ಯಾವಾಗ?"

"ದೀಪಾವಳಿಗೆ," ಎಂದಳು ದಾಕ್ಷಾಯಣಿ.

"ಈಗ ಯಾಕ ಬ್ಯಾಡ?"

"ಈಗ ಅಂಗಡ್ಯಾಗ ಇರೂದು ಒಂದು ಸ್ಪೂಲಿಗೆ ಮೂರು ದಿನ ತಗೋತೈತಿ. ನಲವತ್ತಕ್ಕ ನೂರಾ ಇಪ್ಪತ್ತು ದಿನ. ದೀಪಾವಳಿಗೆ ಬರೂದು ಒಂದ ದಿನಕ್ಕ ಒಂದು ಸ್ಪೂಲು ಮುಗಸತೈತಿ. ಎರಡು ತಿಂಗಳು ಕಾದು, ನಲವತ್ತು ದಿನ ನಡಸಿದ್ರ ನೂರು ದಿನ. ಕಾದವರ ಇಪ್ಪತ್ತು ದಿನ ಮುಂದ ಇರ್ತಾರ."

ಅಜ್ಜ ಬೆರಳು ಮಡಿಸಿ ಎಣಿಸಿ ನೋಡಿದರು. ಲೆಕ್ಕ ಸರಿಯಾಗಿತ್ತು.

ಮರುದಿನ ಅಜ್ಜ ಅವಳನ್ನು ಹೊಳೆದಂಡೆಗೆ ಕರೆದುಕೊಂಡು ಹೋದರು. ಆಚೆ ಹೋಗುವ ದೋಣಿ ಬಂದು ನಿಂತಿತು. ಜನ ಹತ್ತಿದರು. ಅಜ್ಜ ಹತ್ತಲಿಲ್ಲ.

"ಹೋಗ್ಲಿ ಬಿಡು. ಮುಂದಿಂದು ಇದಕ್ಕಿಂತ ಚಲೋ ಇರ್ತೈತಿ."

ದಾಕ್ಷಾಯಣಿಗೆ ನಗು ಬಂತು. "ಅಜ್ಜಾರ, ಈ ಮಾತಿನ ಅರ್ಥ ನನಗ ತಿಳೀತು. ಆದ್ರ ಮುಂದಿನ ದೋಣಿ ಇದರ ಮೂರು ಪಟ್ಟು ಜೋರಾಗಿ ಹೋಗೂದಿದ್ರ, ಇಲ್ಲೇ ಕುಂತು ಅದನ್ನ ಹತ್ತಿದವರ ಮೊದಲ ಆಚೆ ದಂಡಿ ಮುಟ್ತಾರ. ಶ್ಯಾಣ್ಯಾರು ಕೂಡ್ರತಾರ."

 ಇಬ್ಬರೂ ನಡೆದುಕೊಂಡು ಮಠಕ್ಕೆ ಬಂದರು.

ಒಂದು ವಾರ ಬಿಟ್ಟು ಮಧ್ಯಾಹ್ನ ಪ್ರಸಾದಕ್ಕೆ ಕೂತಾಗ ಅಜ್ಜ ತಮ್ಮ ಮುಂದಿನ ರೊಟ್ಟಿಯನ್ನೂ ಅವಳ ಮುಂದಿನ ರೊಟ್ಟಿಯನ್ನೂ ಬುಟ್ಟಿಯಲ್ಲಿಟ್ಟು ಮುಚ್ಚಿಬಿಟ್ಟರು. "ನಾಳಿನ ರೊಟ್ಟಿ ಇನ್ನೂ ಮೆತ್ತಗಿರತೈತಂತ. ನಾಳಿಗೆ ಉಣ್ಣೂಣು."

ದಾಕ್ಷಾಯಣಿ ಎದ್ದು ಅಡಿಗೆಮನೆಗೆ ಹೋದಳು. ಅಲ್ಲೇ ನಿಂತು ಎರಡು ರೊಟ್ಟಿ, ಪುಂಡಿಪಲ್ಲೆ ತಿಂದು ಕೈ ತೊಳೆದುಕೊಂಡು ಬಂದಳು.

"ಅಜ್ಜಾರ, ರೊಟ್ಟಿ ಇಟ್ರ ಒಣಗಿ ಕಟಕ್ ಆಗತೈತಿ. ಪ್ರೊಸೆಸರ್ ಹಂಗಲ್ಲ. ಅದು ತಡದಷ್ಟೂ ಚಲೋದು ಬರತೈತಿ. ಎರಡಕ್ಕೂ ಒಂದ ಮಾತ ಹಚ್ಚಬ್ಯಾಡ್ರಿ."

ಉಳಿದ ಶಿಷ್ಯರು ತಟ್ಟೆ ನೋಡುತ್ತ ಕೂತರು. ಆ ಮಠದಲ್ಲಿ ಯಾರೂ ಅಜ್ಜನಿಗೆ ಹಾಗೆ ತಿರುಗಿ ಹೇಳಿದವರಿರಲಿಲ್ಲ.

"ಖರೇ," ಎಂದರು ಅಜ್ಜ. ಆ ದಿನ ಉಪವಾಸ ಬಿದ್ದವರು ಅವರೊಬ್ಬರೇ.

ನೋಡಿ, ಅವಳು ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ. ಹೊಸ ಯಂತ್ರ ಕೊಳ್ಳಲು ಹೊರಟವರೆಲ್ಲ ಮಾಡುವ ಲೆಕ್ಕವೇ ಅದು, ಅದರಲ್ಲಿ ಅವಳು ನಮಗಿಂತ ಚುರುಕು.

ದೀಪಾವಳಿ ಬಂತು. ಅಂಗಡಿಗೆ ಹೊಸ ಪ್ರೊಸೆಸರೂ ಬಂತು. ಆದರೆ ಅದು ಕೂರುವ ಬೋರ್ಡು ಇನ್ನು ಐದು ತಿಂಗಳಿಗೆ ಬದಲಾಗುತ್ತದೆ, ಈಗ ಕೊಂಡರೆ ಮುಂದಿನ ಯಾವುದೂ ಅದರಲ್ಲಿ ಕೂರುವುದಿಲ್ಲ ಎಂದು ದಾಕ್ಷಾಯಣಿ ಮೊಬೈಲಿನಲ್ಲಿ ಓದಿದಳು. ಯುಗಾದಿ ತನಕ ಕಾಯುವುದೇ ಸರಿ ಅನ್ನಿಸಿತು. ಗೋಡೆಗೆ ಒಂದು ಪಟ್ಟಿ ಅಂಟಿಸಿದಳು. ಯಾವುದು ಯಾವಾಗ ಬರುತ್ತದೆ, ಎಷ್ಟು ಜೋರು, ಎಷ್ಟು ಬಿಸಿ, ಎಲ್ಲ ಅದರಲ್ಲಿತ್ತು.

ಯುಗಾದಿಗೆ ಲೆಕ್ಕ ಶ್ರಾವಣಕ್ಕೆ ಹೋಯಿತು. ಶ್ರಾವಣದಿಂದ ಮತ್ತೆ ದೀಪಾವಳಿಗೆ. ಪ್ರತಿ ಸಲವೂ ಅವಳ ಲೆಕ್ಕ ಸರಿಯಾಗಿಯೇ ಇತ್ತು.

ವ್ಯಾಪಾರಿ ಮೂರು ಸಲ ಕೇಳಿ, ನಾಲ್ಕನೆಯ ಸಲ ಕೇಳಲಿಲ್ಲ. ಅಜ್ಜ ಮಾತ್ರ ತಿಂಗಳಿಗೊಮ್ಮೆ ಕೇಳುತ್ತಿದ್ದರು.

"ಯಾವಾಗ, ದಾಕ್ಷಾಯಣಿ?"

"ನೀವು ನನ್ನ ಒಂದು ತಪ್ಪು ತೋರಸ್ರಿ ಅಜ್ಜಾರ. ಇವತ್ತ ತರತೀನಿ."

ಅಜ್ಜ ಮತ್ತೆ ಬೆರಳು ಮಡಿಸಿ ಎಣಿಸಿ, ಎದ್ದು ಹೋಗುತ್ತಿದ್ದರು.

ಸೋಮವಾರದ ದೋಣಿಗೆ ಹುಸೇನವ್ವ ಬರುತ್ತಲೇ ಇದ್ದಳು. ಮೊದಮೊದಲು ಮೆಲ್ಲಗೆ ಕೇಳುತ್ತಿದ್ದವಳು ಈಗ ಕಂಬದ ಹತ್ತಿರ ನಿಂತು ಕೂಗಿದ ಹಾಗೆ ಕೇಳುತ್ತಿದ್ದಳು. ದಾಕ್ಷಾಯಣಿಯ ಉತ್ತರ ಕಿವಿಗೆ ಬೀಳದೆ ತುಟಿ ನೋಡುತ್ತಿದ್ದಳು. ಆಮೇಲೆ ದಾಕ್ಷಾಯಣಿ ಕೈಯಾಡಿಸಿ ಇನ್ನೂ ಇಲ್ಲ ಅನ್ನಲು ಶುರುಮಾಡಿದಳು. ಅದು ಅವಳಿಗೆ ರೂಢಿಯೇ ಆಗಿಬಿಟ್ಟಿತು. ಇಲ್ಲಿ ನನಗೆ ಅವಳ ಮೇಲೆ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ.

ಎರಡನೆಯ ವರ್ಷದ ಕಾರ್ತಿಕದಲ್ಲಿ ಎರಡು ಸೋಮವಾರ ಹುಸೇನವ್ವ ಬರಲಿಲ್ಲ.

ದಾಕ್ಷಾಯಣಿ ದೋಣಿಯವನನ್ನು ಕೇಳಿದಳು.

"ಆಯೀದು ಕಿವಿ ಪೂರಾ ಹೋತ್ರಿ," ಎಂದ ಅವನು. "ಈಗ ನಾ ಒದರಿದ್ರೂ ತಿರುಗಿ ನೋಡಂಗಿಲ್ಲ. ಇನ್ನ ಮಠಕ್ಕ ಹೋಗಿ ಏನ್ ಮಾಡ್ಲಿ ಅಂತಾಳ."

ದಾಕ್ಷಾಯಣಿ ಮಠಕ್ಕೆ ಬಂದವಳೇ ಗೋಡೆಯ ಪಟ್ಟಿಯನ್ನು ಕಿತ್ತಳು. ಅಂಟು ಗಟ್ಟಿಯಾಗಿತ್ತು, ಸುಣ್ಣವೂ ಅದರ ಜೊತೆಗೆ ಬಂತು.

ಅಜ್ಜ ಬಾಗಿಲಲ್ಲಿ ನಿಂತಿದ್ದರು. "ಎಲ್ಲಿಗೆ?"

"ಪಟ್ಟಣಕ್ಕ. ಪ್ರೊಸೆಸರ್ ತರಾಕ."

"ಲೆಕ್ಕದ ಪ್ರಕಾರ ಇನ್ನೂ ಕಾಯಬೇಕಲ್ಲ?"

"ಲೆಕ್ಕಕ್ಕ ಬೆಂಕಿ ಹಚ್ರಿ ಅಜ್ಜಾರ."

ಪಟ್ಟಣದ ಅಂಗಡಿಯವನು ಅವಳನ್ನು ಬಲ್ಲವನು. ಎರಡು ವರ್ಷದಿಂದ ಫೋನಿನಲ್ಲಿ ವಿಚಾರಿಸುತ್ತಿದ್ದವಳು ಇವಳೇ. ಅವನು ಒಳ್ಳೆಯ ಮನುಷ್ಯ.

"ಅಕ್ಕಾರ, ಇಷ್ಟ ದಿನ ಕಾದೀರಿ. ಇನ್ನ ಇಪ್ಪತ್ತ ದಿನ ತಡೀರಿ. ಇದರ ಎರಡು ಪಟ್ಟಿಂದು ಬರಾಕತ್ತೈತಿ."

"ನನಗ ಇಪ್ಪತ್ತು ದಿನದ್ದು ಬ್ಯಾಡ. ಇವತ್ತಿಂದು ಕೊಡ್ರಿ."

"ಆಮ್ಯಾಲ ನೀವ ಹಳಹಳಿಸ್ತೀರಿ."

"ಆಗ ಹಳಹಳಿಸ್ತೀನಿ. ಈಗ ಕೊಡ್ರಿ."

ಅವನು ಅವಳ ಮುಖ ನೋಡಿ ಒಳಗಿನಿಂದ ಡಬ್ಬಿ ತಂದು ಇಟ್ಟ. ಇಪ್ಪತ್ತು ದಿನದೊಳಗೆ ಮನಸ್ಸು ಬದಲಾದರೆ ಇದನ್ನು ವಾಪಸು ತೆಗೆದುಕೊಂಡು ಹೊಸದನ್ನು ಕೊಡುತ್ತೇನೆ ಎಂದೂ ಹೇಳಿದ. ಅವಳು ಅದಕ್ಕೆ ಕಿವಿಗೊಡಲಿಲ್ಲ.

ಹೊಸ ಬೋರ್ಡು, ಹೊಸ ಪ್ರೊಸೆಸರ್ ತಾನೇ ಕೂರಿಸಿದಳು. ಏಳನೆಯ ಸ್ಪೂಲನ್ನು ಹಚ್ಚಿದಳು. ಅರ್ಧ ದಿನದಲ್ಲಿ ಮುಗಿಯಿತು.

ಹಾಡು ಕೇಳಿ ಶಿಷ್ಯರೆಲ್ಲ ಬಂದು ನಿಂತರು. ಅರವತ್ತು ವರ್ಷದ ಹಿಂದಿನ ಹುಡುಗಿ ಪಕ್ಕದ ಕೋಣೆಯಲ್ಲಿ ಕೂತು ಹಾಡುತ್ತಿದ್ದಾಳೆ ಅನ್ನಬೇಕು, ಅಷ್ಟು ಸ್ವಚ್ಛವಾಗಿತ್ತು. ಉಸಿರು ತೆಗೆದುಕೊಳ್ಳುವುದು ಕೂಡ ಕೇಳುತ್ತಿತ್ತು. ಹಿಂದೆ ಗರಗರ ಅನ್ನುತ್ತಿದ್ದ ಆ ದರಿದ್ರ ಸಪ್ಪಳ ಎಲ್ಲೂ ಇರಲಿಲ್ಲ. ಎರಡು ವರ್ಷ ಅವಳಿಗೆ ಕಾಟ ಕೊಟ್ಟ ಸಪ್ಪಳ ಅದು.

"ಇಷ್ಟ ಚಂದ ಇದ್ರ ಕೇಳಸಬಹುದು," ಎಂದಳು ದಾಕ್ಷಾಯಣಿ.  ಕೇಳುವ ಕಿವಿ ಇಲ್ಲ ಅನ್ನುವುದು ಎಲ್ಲರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆದರೂ ಹೋಗಲೇಬೇಕು ಎಂದು ಹಟ ಹಿಡಿದಳು.

ಸ್ವಚ್ಛ ಮಾಡಿದ ಹಾಡನ್ನೂ, ಮೊದಲಿನದನ್ನೂ ಒಂದೇ ಪೆನ್‌ಡ್ರೈವಿಗೆ ಹಾಕಿಕೊಂಡು, ದೊಡ್ಡ ಸ್ಪೀಕರ್ ಒಂದನ್ನು ಹೊತ್ತುಕೊಂಡು ಅವಳು ದೋಣಿ ಹತ್ತಿದಳು. ಅಜ್ಜ ಕರೆಯದೇ ಬಂದು ಪಕ್ಕದಲ್ಲಿ ಕೂತರು.

ಹುಸೇನವ್ವ ಮನೆಯ ಮುಂದಿನ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಇವರನ್ನು ನೋಡಿ ಎದ್ದು, ಅಜ್ಜನಿಗೆ ಕೈಮುಗಿದು, ಚಾಪೆ ಹಾಸಿದಳು. ಸ್ಪೀಕರ್ ನೋಡಿದಳು. ಏನೆಂದು ಅವಳಿಗೆ ತಿಳಿಯಿತು.

ದಾಕ್ಷಾಯಣಿ ಸ್ವಚ್ಛ ಮಾಡಿದ ಹಾಡು ಹಚ್ಚಿದಳು. ಓಣಿಯ ಹೆಂಗಸರು ಬಾಗಿಲಿಗೆ ಬಂದರು. ದಾವಲವ್ವನ ದನಿ ಓಣಿಗೆಲ್ಲ ಕೇಳಿತು.

ಹುಸೇನವ್ವ ಕಣ್ಣು ಕಿರಿದು ಮಾಡಿ ಕೂತಳು. ಮೊದಲು ಎಡಗಿವಿ ಕೊಟ್ಟಳು, ಆಮೇಲೆ ಬಲಗಿವಿ.

"ಏನೂ ಕೇಳವಲ್ದ ಮಗಳ."

ದಾಕ್ಷಾಯಣಿ ದನಿ ಏರಿಸಿದಳು. ಪಕ್ಕದ ಮನೆಯ ನಾಯಿ ಎದ್ದು ಆಚೆ ಹೋಯಿತು. ಹುಸೇನವ್ವ ಇಲ್ಲವೆಂದು ತಲೆಯಾಡಿಸಿದಳು. ಆಮೇಲೆ ಅಂಗೈಯನ್ನು ಸ್ಪೀಕರಿನ ಮೇಲಿಟ್ಟಳು.

"ಹಾಡಾಕತ್ತಾಳೇನ ನಮ್ಮ ದಾವಲಿ?"

ದಾಕ್ಷಾಯಣಿ ಹೌದೆಂದು ಗೋಣು ಹಾಕಿದಳು.

"ಮತ್ತ ಕಲ್ಲು ತಿರಗವಲ್ದಲ್ಲ?"

ದಾಕ್ಷಾಯಣಿಗೆ ಅರ್ಥವಾಗಲಿಲ್ಲ. ಯಾವ ಕಲ್ಲು ಎಂದು ಕೈಯಲ್ಲೇ ಕೇಳಿದಳು.

"ಬೀಸೂ ಕಲ್ಲು. ಆ ದಿನ ನಾ ಜ್ವಾಳ ಬೀಸಾಕತ್ತಿದ್ದೆ. ಆಕಿ ಬಾಜೂಕ ಕುಂತು ಹಾಡಿದ್ಳು. ಟೇಪ್ ತಂದಿದ್ದ ಹಿಂದಿನ ಅಜ್ಜಾರು ಬೀಸೂದು ನಿಂದ್ರಸು ಅಂದ್ರು. ನಾ ನಿಂದ್ರಸಲಿಲ್ಲ. ಕಲ್ಲು ನಿಂತ್ರ ಆಕೀಗೆ ಹಾಡಾಕ ಬರತಿದ್ದಿಲ್ಲ." ಹುಸೇನವ್ವ ಸ್ಪೀಕರನ್ನು ಸವರಿದಳು. "ಕಲ್ಲು ತಿರಗಿದ್ರ ನನ್ನ ಕೈಗೆ ಗೊತ್ತಾಗತಿತ್ತು. ನನ್ನ ಕಲ್ಲು ಎಲ್ಲಿ ಹೋತ ಮಗಳ?"

ಎರಡು ವರ್ಷ ತೆಗೆಯಲು ಕಾದಿದ್ದ ಆ ಗರಗರ ಯಾವುದೆಂದು ದಾಕ್ಷಾಯಣಿಗೆ ಈಗ ತಿಳಿಯಿತು. ಅವಳು ತೆಗೆದು ಹಾಕಿದ್ದು ಹುಸೇನವ್ವನನ್ನು.  ಕೂಡಲೇ ಸ್ವಚ್ಛ ಮಾಡದ ಮೊದಲಿನ ಹಾಡನ್ನು ಹಚ್ಚಿದಳು. ಕಾದ ಎಣ್ಣೆಯ ಹಾಗೆ ಸರ್ರೆನ್ನುವ ಟೇಪು, ಗರಗರ ಸಪ್ಪಳ, ಅದರ ಹಿಂದೆ ಎಲ್ಲೋ ದನಿ.

ಸ್ಪೀಕರ್ ಅದುರತೊಡಗಿತು.

ಹುಸೇನವ್ವನ ಎಡ ಅಂಗೈ ಅದರ ಮೇಲೇ ಇತ್ತು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅವಳ ಬಲಗೈ ಬೀಸುವ ಕಲ್ಲಿನ ಗೂಟ ಹಿಡಿದ ಹಾಗೆ ಗಾಳಿಯಲ್ಲಿ ತಿರುಗಲು ಶುರುವಾಯಿತು. ಮೂರು ಸುತ್ತು ತಿರುಗಿದ ಮೇಲೆ ಬಾಯಿ ತೆರೆದಳು.

"ಕಲ್ಲಿಗೆ ಕಾಳ ಕೊಟ್ಟೆ, ಕಾಳಿಗೆ ಕೈಯ ಕೊಟ್ಟೆ, ಕೈಯ ಕೇಳಿದವಗ ಏನ ಕೊಡಲೆವ್ವ..."

ಸ್ವರ ಅಲ್ಲಿ ಇಲ್ಲಿ ತಪ್ಪಿತು. ತಾಳ ಒಂದು ಕಡೆಯೂ ತಪ್ಪಲಿಲ್ಲ. ಟೇಪಿನಲ್ಲಿ ಸಪ್ಪಳ ಒಮ್ಮೆ ನಿಂತಿತು. ದಾಕ್ಷಾಯಣಿ ಅದನ್ನು ಟೇಪಿನ ದೋಷ ಎಂದು ಬರೆದುಕೊಂಡಿದ್ದಳು. ಹುಸೇನವ್ವ ಅಲ್ಲೇ ಹಾಡು ನಿಲ್ಲಿಸಿ, ಕೈ ಮುಷ್ಟಿ ಮಾಡಿ ಬಿಡಿಸಿ, "ಇಲ್ಲೆ ಮತ್ತ ಕಾಳ ಹಾಕಿದೆ," ಎಂದಳು. ಸಪ್ಪಳ ಶುರುವಾದ ಕೂಡಲೇ ಹಾಡು ಹಿಡಿದಳು.

ಅಕ್ಕ ತಂಗಿ ಇಬ್ಬರೂ ಕೂಡಿ ಹಾಡಿ ಮುಗಿಸಿದರು. ಇನ್ನೊಮ್ಮೆ ಹಚ್ಚು ಎಂದಳು ಹುಸೇನವ್ವ. ಏಳು ಸಲ ಹಚ್ಚಿಸಿದಳು.

ಸಂಜೆಗೆ ಮುಂಚಿನ ದೋಣಿಯಲ್ಲಿ ಗುರು, ಶಿಷ್ಯೆ ಇಬ್ಬರೇ ಇದ್ದರು. ಅರ್ಧ ಹೊಳೆ ದಾಟಿದ ಮೇಲೆ ದಾಕ್ಷಾಯಣಿ ಅಜ್ಜನಿಗೆ ಅಂದಳು:

"ನಿಮಗ ಗೊತ್ತಿತ್ತು."

"ಏನು?"

"ಅದು ಬೀಸೂ ಕಲ್ಲು ಅಂತ."

"ಇಲ್ಲ. ನನಗೂ ಇವತ್ತ ಗೊತ್ತಾತು."

"ಸುಳ್ಳ ಹೇಳಬ್ಯಾಡ್ರಿ ಅಜ್ಜಾರ."

"ಗುರು ಅಂದ್ರ ಎಲ್ಲಾ ಗೊತ್ತಿರತೈತಿ ಅಂತ ಯಾರ ಹೇಳಿದ್ರು ನಿನಗ? ನಾನೂ ಅದನ್ನ ಗದ್ದಲ ಅಂತನ ತಿಳದಿದ್ದೆ. ಆಕೀನ್ನ ನೀನೂ ಕೇಳಲಿಲ್ಲ, ನಾನೂ ಕೇಳಲಿಲ್ಲ."

ದಾಕ್ಷಾಯಣಿ ಅವರ ಕಡೆ ತಿರುಗಿ ಕೂತಳು. "ಹಸೀ ಪದ ಹೊರಗ ಬಿಡಬ್ಯಾಡ ಅಂತ ಕಲಿಸಿದವರು ನೀವು. ಆ ಮಾತ ಹಿಡಕೊಂಡು ಎರಡು ವರ್ಷ ಆಕೀನ್ನ ತಿರುಗಿ ಕಳಸೀನಿ. ಆಕೀಗೆ ಕಿವಿ ಇತ್ತು ಆಗ. ನೀವು ದೋಣಿ ಅಂದ್ರಿ, ರೊಟ್ಟಿ ಅಂದ್ರಿ. ಇದ್ದದ್ದು ಇದ್ದಂಗ ಹಾಕ್ ಅಂತ ಒಂದ ಮಾತ ಯಾಕ ಅನ್ನಲಿಲ್ಲ?"

ಅಜ್ಜ ನೀರು ನೋಡುತ್ತ ಅಂದರು:

"ನಮ್ಮ ಗುರುಗಳು ಇಟ್ಟ ರಿವಾಜು ಅದು. ಅದನ್ನ ಮುರೀ ಅನ್ನೂ ಧೈರ್ಯ ನನಗ ಇರಲಿಲ್ಲ. ನೀ ಎಲ್ಲಾದಕ್ಕೂ ಎದುರಾಡಾಕಿ, ಇದಕ್ಕೂ ಎದುರಾಡ್ತಿ ಅಂತ ಕಾದೆ. ಇದೊಂದಕ್ಕ ನೀ ಎದುರಾಡಲಿಲ್ಲ."

ದಾಕ್ಷಾಯಣಿ ಅತ್ತಳು.  ದೋಣಿಯವನು ಮುಖ ಆಚೆ ಮಾಡಿಕೊಂಡು ಹುಟ್ಟು ಹಾಕಿದ.

"ಆಕಿ ತಂಗಿ ದನಿ ಕೇಳಲೇ ಇಲ್ಲ," ಎಂದಳು ಕೊನೆಗೆ.

"ಇಲ್ಲ."

"ನಾಳಿಂದ ಈ ರಿವಾಜು ನಾ ಪಾಲಸಂಗಿಲ್ಲ. ಮಠ ಬಿಡು ಅಂದ್ರ ಬಿಡ್ತೀನಿ."

"ಪಾಲಸಬ್ಯಾಡ. ಮಠಾನೂ ಬಿಡಬ್ಯಾಡ."

ದೋಣಿ ದಂಡೆಗೆ ತಾಗಿತು. ಅವಳು ಸ್ಪೀಕರನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಕೆಳಗಿಳಿದವಳು ಅಲ್ಲೇ ನಿಂತಳು. ಈ ಸಲ ವಾದಕ್ಕಲ್ಲ, ನಿಜವಾಗಿಯೂ ಉತ್ತರ ತಿಳಿಯದೆ ಕೇಳಿದಳು.

"ಅಜ್ಜಾರ, ಇದರ ಎರಡು ಪಟ್ಟಿಂದು ಇನ್ನ ಎರಡು ವಾರಕ್ಕ ಬರತೈತಿ. ಅಂಗಡಿಯಾಂವ ಬದಲಿ ಕೊಡ್ತೀನಿ ಅಂದಾನ. ಅದು ಬರೂತನಕ ಕಾಯಲೋ, ಇದರಾಗ ನಡಸಲೋ?"

ಅಜ್ಜ ಧೋತರದ ಅಂಚಿನ ನೀರು ಹಿಂಡುತ್ತ ಹೇಳಿದರು: "ಇನ್ನ ಮೂವತ್ತೊಂಬತ್ತು ಸ್ಪೂಲ್ ಅದಾವ. ಹಾಡಿದವರು, ಅವರ ಬಾಜೂಕ ಕುಂತವರು, ಅದರಾಗ ಇನ್ನೂ ಜೀವ ಇದ್ದವರು ಎಷ್ಟ ಮಂದಿ, ಮೊದಲ ಅದನ್ನ ನೋಡಕೊಂಡ ಬಾ."